ಎಡಕ್ಕೆ ಮಲಗಿದ ಗಂಟು

ಬೈಂಡಿಂಗ್ ಕೋಣೆಯಲ್ಲಿ ಹನ್ನೊಂದು ಜನ ಹೆಂಗಸರು. ಹನ್ನೊಂದು ಜನರ ಕೈಯಲ್ಲೂ ಸೂಜಿ ಇತ್ತು. ಆದರೆ ಸೂಜಿ ಎಂದು ಹೆಸರು ಬಿದ್ದದ್ದು ಒಬ್ಬಳಿಗೆ ಮಾತ್ರ, ಅದೂ ನಾಲಿಗೆಯ ದೆಸೆಯಿಂದ. ಯಜಮಾನ ಒಂದು ದಿನ ಮಹಡಿ ಹತ್ತಿ ಬಂದು, "ಇಲ್ಲಿ ಬಾಯಿ ಓಡುವಷ್ಟು ಕೈ ಓಡಿದ್ರೆ ನಾನು ಇಷ್ಟೊತ್ತಿಗೆ ಇನ್ನೊಂದು ಪ್ರೆಸ್ಸು ಹಾಕ್ತಿದ್ದೆ" ಎಂದು ಗೊಣಗಿದ. ಅವಳು ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಅದಕ್ಕೇ ಸಾರ್ ನಾವು ಮಾತಾಡೋದು. ಈ ಒಂದು ಪ್ರೆಸ್ಸಿಗೇ ಉಸಿರು ಕಟ್ಟುತ್ತೆ, ಇನ್ನೊಂದು ಬೇರೆ ಬೇಕಾ?" ಎಂದಳು. ಯಜಮಾನ ಬಂದ ಮೆಟ್ಟಿಲಲ್ಲೇ ಇಳಿದು ಹೋದ. ಅಂದಿನಿಂದ ಅವಳು ಸೂಜಿ.

ಕೆಳಗೆ ಯಂತ್ರಗಳು, ಮೇಲೆ ಹೆಂಗಸರು, ಆ ಪ್ರೆಸ್ಸು ಹಾಗೆ. ಕೆಳಗಿನಿಂದ ಹಾಳೆಗಳು ಶಾಯಿಯ ವಾಸನೆ ಹೊತ್ತು ಲಿಫ್ಟಿನ ತೊಟ್ಟಿಲಲ್ಲಿ ಮೇಲೆ ಬರುತ್ತಿದ್ದವು. ಇವರು ಮಡಿಸಬೇಕು, ಒಂದರೊಳಗೊಂದು ಸೇರಿಸಬೇಕು, ದಬ್ಬಳದಿಂದ ಮೂರು ತೂತು ಹಾಕಿ ದಾರ ಎಳೆದು ಗಂಟು ಹಾಕಬೇಕು. ಪಠ್ಯಪುಸ್ತಕ, ರಸೀದಿ ಪುಸ್ತಕ, ಜೊತೆಗೆ ಆರೋಗ್ಯ ಇಲಾಖೆಯ ತಾಯಿ ಕಾರ್ಡು. ಈ ತಾಯಿ ಕಾರ್ಡಿಗೆ ಮೊದಲು ತಂತಿಯ ಪಿನ್ನು ಹೊಡೆಯುತ್ತಿದ್ದರು. ಬಸುರಿಯರು ಕಾರ್ಡನ್ನು ಎದೆಯ ಹತ್ತಿರ, ಸೊಂಟದ ಹತ್ತಿರ ಸಿಕ್ಕಿಸಿಕೊಂಡು ಓಡಾಡುವವರು. ಬೆವರಿಗೆ ಪಿನ್ನು ತುಕ್ಕು ಹಿಡಿದು ಬಟ್ಟೆಗೆಲ್ಲ ಕಲೆ. ಇಲಾಖೆ ದಾರದ ಹೊಲಿಗೆಯೇ ಬೇಕೆಂದಿತು. ಗಟ್ಟಿ ಹೊದಿಕೆ, ಅದರೊಳಗೆ ಎರಡು ಹಾಳೆ, ನಟ್ಟನಡುವೆ ಗಂಟು.

ಆ ಗಂಟು ಕೈಬರಹದ ಹಾಗೆ. ಯಾವ ಕಟ್ಟು ಯಾರದೆಂದು ಮೇಸ್ತ್ರಿ ಗಂಟು ನೋಡಿಯೇ ಹೇಳುತ್ತಿದ್ದ. ಸೂಜಿಗೆ ಗಂಟು ಹಾಕಲು ಕಲಿಸಿದವಳು ಆ ಕೋಣೆಯ ಹಿರಿಯಳು, ಆಗಲೇ ಹದಿನಾಲ್ಕು ವರ್ಷದ ಕೈ. ಎಡಗೈಯವಳಾದ್ದರಿಂದ ಎಲ್ಲರಿಗೂ ಎಡಚಿ. ಹತ್ತೊಂಬತ್ತರ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, "ಕನ್ನಡಿ ನೋಡಿದ ಹಾಗೆ ನನ್ನನ್ನ ನೋಡು, ನನ್ನ ಎಡ ನಿನ್ನ ಬಲ" ಎಂದು ಒಂದು ವಾರ ಕಲಿಸಿದಳು. ಹೀಗಾಗಿ ಇಬ್ಬರದೂ ಒಂದೇ ಗಂಟು, ಮಲಗುವ ದಿಕ್ಕು ಮಾತ್ರ ಬೇರೆ. ಸೂಜಿಯ ಗಂಟಿನ ಬಾಲ ಬಲಕ್ಕೆ, ಎಡಚಿಯದು ಎಡಕ್ಕೆ. ಆ ಕೋಣೆಯಲ್ಲಿ ಎಡಕ್ಕೆ ಮಲಗುವ ಗಂಟು ಇನ್ಯಾರದೂ ಇರಲಿಲ್ಲ.

ಕಲಿಸಿದವಳೇ ಎರಡು ವರ್ಷದ ಮೇಲೆ ತನ್ನ ತಮ್ಮನನ್ನೂ ಕೊಟ್ಟಳು. ತಮ್ಮ ಕೆಳಗಡೆ ದೊಡ್ಡ ಯಂತ್ರ ನಡೆಸುವವನು. ಒಳ್ಳೆಯ ಕೆಲಸಗಾರ, ಮಾತಿನಲ್ಲಿ ಮೆದು, ಅಕ್ಕನ ಪಕ್ಕದ ಮನೆಯಲ್ಲೇ ವಾಸ. ಸೂಜಿಗೆ ಅಪ್ಪ ಮೊದಲೇ ಇರಲಿಲ್ಲ, ಅಮ್ಮ ಆಗಷ್ಟೇ ಹೋಗಿದ್ದಳು. "ನನಗೆ ತವರು ಅಂತಿದ್ರೆ ಈ ಬೆಂಚೇ. ಗಂಡನ ಮನೆಯೂ ಇದೇ ಬೆಂಚು. ಬಸ್ಸಿನ ಖರ್ಚು ಉಳೀತು" ಎಂದು ನಗುತ್ತಿದ್ದಳು.

ಆ ಪ್ರೆಸ್ಸಿನಲ್ಲಿ ನಾವು, ಕಾರ್ಮಿಕ ಸಂಘದವರು, ಮುಷ್ಕರ ಹೂಡಿದ್ದು ಅವಳ ಮದುವೆಯ ವರ್ಷ. ಇಪ್ಪತ್ತೆರಡು ದಿನ ಗೇಟಿನ ಮುಂದೆ ಕೂತೆವು. ಎಡಚಿ ಮತ್ತು ಸೂಜಿ ಒಂದೇ ಚಾಪೆಯ ಮೇಲೆ, ಒಂದೇ ಕೊಡೆಯ ಕೆಳಗೆ. ಪೊಲೀಸರು ಚಾಪೆ ಎಳೆದಾಗ ಎಡಚಿ ಚಾಪೆಯ ಜೊತೆಗೇ ನಾಲ್ಕು ಮಾರು ಜಾರಿಕೊಂಡು ಹೋದಳೇ ಹೊರತು ಏಳಲಿಲ್ಲ. ಹೆಂಗಸರು ಬರೆಸಿದ ಬೇಡಿಕೆಗಳಲ್ಲಿ ಒಂಬತ್ತನೆಯದು ಹೀಗಿತ್ತು: ಬಸುರಿಯರಿಗೆ ಆಸ್ಪತ್ರೆಯ ದಿನ ಅರ್ಧ ದಿನ ರಜೆ. ಕೊನೆಯ ಮಾತುಕತೆಯಲ್ಲಿ ಯಜಮಾನ ಎಂಟಕ್ಕೆ ಒಪ್ಪಿ, ಒಂಬತ್ತನೆಯದಕ್ಕೆ ತಲೆ ಅಲ್ಲಾಡಿಸಿದ. ಮೇಜಿನ ಈಚೆಗೆ ನಾವು ಐದು ಜನ ಗಂಡಸರು. ಆ ವರ್ಷ ಬಸುರಿಯರು ಯಾರೂ ಇರಲಿಲ್ಲ. "ಮುಂದಿನ ಸಲ ನೋಡೋಣ" ಎಂದು ಸಹಿ ಹಾಕಿದೆವು. ಆ ಕಾಗದದಲ್ಲಿ ನನ್ನ ಸಹಿ ಇದೆ. ಅದರ ಪಕ್ಕದಲ್ಲೇ ಸೂಜಿಯ ಗಂಡನದೂ ಇದೆ.

ಮದುವೆಯಾದ ನಾಲ್ಕನೇ ವರ್ಷ ಸೂಜಿ ಬಸುರಿಯಾದಳು. ಮೂರನೇ ತಿಂಗಳಲ್ಲಿ, ವಾರದ ರಜೆಯ ದಿನ ನೋಡಿಕೊಂಡು ಹೆರಿಗೆ ಆಸ್ಪತ್ರೆಗೆ ಹೋದಳು. ಉದ್ದನೆಯ ಪಡಸಾಲೆ, ಭುಜದೆತ್ತರದ ತನಕ ಹಸಿರು ಬಣ್ಣ, ಒರಗಿದವರ ತಲೆಯೆಣ್ಣೆ ಹತ್ತಿ ಹತ್ತಿ ಬಣ್ಣದ ಮೇಲೆ ಸಾಲಾಗಿ ಕಪ್ಪು ಮಚ್ಚೆ. ತೂಕದ ಯಂತ್ರದ ಒಂದು ಕಾಲಿಗೆ ಮಡಿಸಿದ ಕಾಗದ ಕೊಟ್ಟಿದ್ದರು. ನರ್ಸು ಹೊಸ ಕಾರ್ಡು ತೆಗೆದು ಹೆಸರು ಬರೆದು ಫೋಟೋ ಅಂಟಿಸಿದಳು. ಸೂಜಿ ನಡುಹಾಳೆ ತೆರೆದು ಕೂಗಿಯೇ ಬಿಟ್ಟಳು.

"ಅಯ್ಯೋ, ಇದು ನನ್ನ ಗಂಟು ಕಣ್ರೀ! ನಾನೇ ಹೊಲ್ದಿದ್ದು!"

"ಹಾಗಾದ್ರೆ ಬಿಚ್ಚಿಹೋದ್ರೆ ನಿಮ್ಮನ್ನೇ ಕೇಳ್ತೀವಿ ಬಿಡಿ" ಎಂದಳು ನರ್ಸು.

ತೂಕ ನೋಡಿ ನಲವತ್ತೊಂಬತ್ತು ಎಂದು ಬರೆದ ಮೇಲೆ, ಇವಳ ಕಾಲಲ್ಲಿ ಚಪ್ಪಲಿ ಇರುವುದು ಕಂಡಿತು. ಬಿಡಿಸಿ ಮತ್ತೆ ಹತ್ತಿಸಿದರು. ಒಂಬತ್ತನ್ನು ಹೊಡೆದುಹಾಕಿ ಪಕ್ಕದಲ್ಲಿ ಎಂಟು ಬರೆದಳು. ಆಮೇಲೆ ರಕ್ತ. ಮೂರು ಸಣ್ಣ ನಳಿಗೆ ತುಂಬಿಸಿಕೊಳ್ಳುವಾಗ ಯಾವ್ಯಾವುದಕ್ಕೆ ಎಂದು ನರ್ಸು ಓದಿ ಹೇಳಿದಳು. ಸಕ್ಕರೆ, ಕಾಮಾಲೆ, ಎಚ್‌ಐವಿ, ಸಿಫಿಲಿಸ್ ಎಂಬ ಲೈಂಗಿಕ ರೋಗ.

"ನನಗ್ಯಾಕೆ ನರ್ಸಮ್ಮಾ ಅದೆಲ್ಲ? ನಾನು ಪ್ರೆಸ್ಸು, ಮನೆ ಬಿಟ್ಟು ಮೂರನೇ ಜಾಗ ನೋಡಿದೋಳಲ್ಲ."

"ಇದು ಅನುಮಾನಕ್ಕಲ್ಲ ತಾಯಿ. ಮಹಾರಾಣಿ ಬಸುರಿಯಾಗಿ ಬಂದ್ರೂ ಇದೇ ಮೂರು ನಳಿಗೆ. ಒಳಗಿರೋದಕ್ಕೆ ಬಾಯಿ ಇದ್ಯಾ? ಅದರ ಪರವಾಗಿ ನಿಮ್ಮ ರಕ್ತಾನೇ ಕೇಳ್ಬೇಕು."

ಉತ್ತರ ಬರೆಯುವ ತನಕ ಕಾರ್ಡು ಆಸ್ಪತ್ರೆಯಲ್ಲೇ ಇರಬೇಕು. ನಾಲ್ಕು ದಿನ ಬಿಟ್ಟು ಬನ್ನಿ ಎಂದರು. ಆ ದಿನ ಕೆಲಸದ ದಿನ, ಮೇಲಾಗಿ ಪಠ್ಯಪುಸ್ತಕದ ಕಾಲ. ಹಾಳೆಗಳ ಗುಡ್ಡ ಕಿಟಕಿಯ ಎತ್ತರಕ್ಕೆ ಬಂದಿತ್ತು. ಸೂಜಿ ಅರ್ಧ ದಿನ ಕೇಳಿದಳು. ಮೇಸ್ತ್ರಿ, "ಹೆರಿಗೆ ಇವತ್ತಾ?" ಎಂದ. ಗಂಡನಿಗೆ ಎರಡನೇ ಪಾಳಿ. "ನಾನು ಹೋಗಿ ತರ್ತೀನಿ ಬಿಡು, ಕಾಗದ ತರೋದಕ್ಕೆ ನೀನ್ಯಾಕೆ?" ಎಂದು ಅವನು ಹೋದ.

ಬಂದವನು, "ಎಲ್ಲಾ ಸರಿಯಾಗಿದೆಯಂತೆ" ಎಂದ. ಇವಳು ಮರುಮಾತಿಲ್ಲದೆ ನಂಬಿದಳು. ಕಾರ್ಡು ಕೇಳಿದರೆ, "ನಿನ್ನ ಕೈಗೆ ಕೊಟ್ರೆ ಅಂಟು ಮೆತ್ತಿಸ್ತೀಯ" ಎಂದು ನಗೆಯಾಡಿ, ಪ್ಲಾಸ್ಟಿಕ್ಕಿನ ಚೀಲಕ್ಕೆ ಹಾಕಿ ತನ್ನ ಟ್ರಂಕಿನಲ್ಲಿಟ್ಟ.

ಆಮೇಲಿನ ನಾಲ್ಕು ತಿಂಗಳು ಅವಳ ಬದುಕಿನಲ್ಲೇ ಬಲು ಸುಖದ ಕಾಲ. ಗಂಡ ಪಾತ್ರೆ ತೊಳೆದ. ಮಗುವಿಗೆ ತೊಂದರೆಯಾಗಬಾರದೆಂದು ತಾನೇ ಬೇರೆ ಹಾಸಿಗೆ ಹಾಸಿಕೊಂಡ. ಐದನೇ ತಿಂಗಳ ತಪಾಸಣೆಗೆ ಜೊತೆಗೆ ಬಂದು, ಕಾರ್ಡನ್ನು ತಾನೇ ಹಿಡಿದು ಸಾಲಿನಲ್ಲಿ ನಿಂತು, ನರ್ಸಿನ ಮೇಜಿನ ಮೇಲೆ ಬೇಕಾದ ಪುಟ ತೆರೆದಿಟ್ಟ. ಸಾಲಿನಲ್ಲಿದ್ದ ಹೆಂಗಸೊಬ್ಬಳು, "ನೋಡ್ರೇ, ಎಂಥಾ ಗಂಡ! ನಮ್ಮೋರು ಗೇಟಿನ ತನಕ ಬಂದ್ರೆ ಅದೇ ಮೆರವಣಿಗೆ" ಎಂದಳು. ಬೆಂಚಿನಲ್ಲಿ ಎಡಚಿ ತನ್ನ ಕಿಟಕಿಯ ಪಕ್ಕದ ಜಾಗವನ್ನೇ ಬಿಟ್ಟುಕೊಟ್ಟಳು. ಕಟ್ಟು ಎತ್ತಲು ಬಿಡುತ್ತಿರಲಿಲ್ಲ. ತನ್ನ ಡಬ್ಬಿಯ ಅರ್ಧ ಊಟವನ್ನು ಇವಳ ಡಬ್ಬಿಗೆ ಸುರಿಯುತ್ತಿದ್ದಳು. "ಅಕ್ಕಾ, ಹೀಗೇ ಮಾಡಿದ್ರೆ ವರ್ಷಕ್ಕೊಂದು ಹೆರ್ತೀನಿ ನೋಡು" ಎನ್ನುತ್ತಿದ್ದಳು ಸೂಜಿ.

ಏಳನೇ ತಿಂಗಳ ತಪಾಸಣೆಯ ವಾರ ಯಜಮಾನ ಗಂಡನನ್ನು ಒಂದು ಯಂತ್ರ ನೋಡಿಕೊಂಡು ಬರಲು ಬೇರೆ ಊರಿಗೆ ಕಳಿಸಿದ. ಹೋಗುವಾಗ ಅವನು ಕಾರ್ಡನ್ನು ಹೆಂಡತಿಗೆ ಕೊಡಲಿಲ್ಲ, ಅಕ್ಕನಿಗೆ ಕೊಟ್ಟ. ಎಡಚಿ ಅದನ್ನು ಪಾರ್ಸಲ್ಲಿನ ಹಾಗೆ ಕಂದು ಕಾಗದದಲ್ಲಿ ಸುತ್ತಿ, ಮೂಲೆಗಳನ್ನು ಮಡಿಸಿ, ಆ ದಿನ ಬೆಳಿಗ್ಗೆ ಇವಳ ಕೈಗಿಟ್ಟಳು. "ಹೀಗೇ ನರ್ಸಿಗೆ ಕೊಟ್ಬಿಡು. ಬಿಚ್ಚಬೇಡ, ಕೊಳೆಯಾಗುತ್ತೆ."

ಪಠ್ಯಪುಸ್ತಕದ ಕಾಲ ಮುಗಿದಿತ್ತು, ಅರ್ಧ ದಿನದ ಸಂಬಳ ಬಿಟ್ಟು ಬಂದಿದ್ದಳು. ಪಡಸಾಲೆಯಲ್ಲಿ ಇವಳ ಸರದಿ ಹದಿನೇಳನೆಯದು. ಕೂತು ಕೂತು ಬೇಸರವಾಗಿ ಕಾಗದ ಬಿಚ್ಚಿದಳು. ತನ್ನ ಗಂಟನ್ನೊಮ್ಮೆ ನೋಡಿಕೊಳ್ಳೋಣ ಎಂಬ ಆಸೆ, ಬೇರೇನಿಲ್ಲ. ನಡುಹಾಳೆ ತೆರೆದಳು.

ಗಂಟು ಎಡಕ್ಕೆ ಮಲಗಿತ್ತು.

ಬೇರೆಯವರ ಕಾರ್ಡು ಬಂದಿರಬೇಕು ಎಂದುಕೊಂಡಳು. ಹೊದಿಕೆಯ ಮೇಲೆ ಅವಳದೇ ಹೆಸರು, ಅವಳದೇ ಫೋಟೋ. ತಲೆಕೆಳಗೆ ಹಿಡಿದೆನೇನೋ ಎಂದು ತಿರುಗಿಸಿದಳು; ಅಕ್ಷರಗಳು ತಲೆಕೆಳಗಾದವು. ಮತ್ತೆ ನೆಟ್ಟಗೆ ಹಿಡಿದು ತೂಕದ ಪುಟ ನೋಡಿದಳು. ಮೊದಲ ಸಾಲಿನಲ್ಲಿ ನಲವತ್ತೆಂಟು. ಚೊಕ್ಕವಾಗಿ ನಲವತ್ತೆಂಟು. ಹೊಡೆದುಹಾಕಿದ ಒಂಬತ್ತು ಇರಲೇ ಇಲ್ಲ.

ಹೊಲಿಯುವವಳಿಗೆ ಉಳಿದದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಡುಹಾಳೆ ಎಂದರೆ ಒಂದೇ ಹಾಳೆ, ಮಡಿಸಿದಾಗ ನಾಲ್ಕು ಪುಟ. ಒಂದು ಪುಟ ಬದಲಾಯಿಸಬೇಕಾದವನು ನಾಲ್ಕನ್ನೂ ಬದಲಾಯಿಸಲೇಬೇಕು. ತೂಕದ ಪುಟದ ಜೊತೆ ಆ ಹಾಳೆಯಲ್ಲಿ ಇದ್ದದ್ದು ರಕ್ತ ಪರೀಕ್ಷೆಯ ಪುಟ. ತಿರುಗಿಸಿದಳು. ನಾಲ್ಕು ಪರೀಕ್ಷೆ, ನಾಲ್ಕರ ಎದುರಿಗೂ ಮುದ್ದಾದ ಅಕ್ಷರದಲ್ಲಿ "ಇಲ್ಲ".

ಸಾಲು ಬಿಟ್ಟು ನೇರ ನರ್ಸಿನ ಮೇಜಿಗೆ ಹೋದಳು. ಹಳೆಯ ನರ್ಸು ಐದನೇ ತಿಂಗಳಿಗೂ ಮುಂಚೆಯೇ ವರ್ಗವಾಗಿ ಹೋಗಿದ್ದಳು, ಇದು ಹೊಸಬಳು.

"ಹಳೇ ರಿಜಿಸ್ಟರ್ ತೆಗೀರಿ."

"ನಿಮ್ಮ ನಂಬರು ಇನ್ನೂ ಬಂದಿಲ್ಲ. ಕೂತ್ಕೊಳ್ಳಿ."

"ನಂಬರು ಹಾಳಾಗಿ ಹೋಗ್ಲಿ. ಮೂರನೇ ತಿಂಗಳಲ್ಲಿ ನನ್ನ ರಕ್ತ ತೆಗ್ದಿದ್ದಾರೆ. ಅದರ ಉತ್ತರ ನಿಮ್ಮ ಪುಸ್ತಕದಲ್ಲಿ ಏನಿದೆ ನೋಡಿ."

"ಕಾರ್ಡಲ್ಲೇ ಇದೆಯಲ್ಲಮ್ಮಾ, ಇಲ್ಲ ಅಂತ."

"ಕಾರ್ಡು ಹೊಲಿಯೋಳು ನಾನು. ಇದು ಆ ಕಾರ್ಡಲ್ಲ."

ಹುಚ್ಚಿ ಇರಬೇಕೆಂದು ನರ್ಸು ಒಮ್ಮೆ ನೋಡಿದಳು. ಆದರೂ ಎದ್ದು ಬೀರು ತೆಗೆದು ರಿಜಿಸ್ಟರ್ ತಂದು ಬೆರಳಿಟ್ಟು ಸಾಲು ಹುಡುಕಿದಳು. ಬೆರಳು ಒಂದು ಕಡೆ ನಿಂತಿತು. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದಳು.

"ಕೂತ್ಕೊಳ್ಳಿ."

"ನಿಂತೇ ಕೇಳ್ತೀನಿ."

"ಸಿಫಿಲಿಸ್ ಇದೆ ಅಂತ ಬಂದಿದೆ. ಗಂಡನಿಗೆ ತಿಳಿಸಿದೆ, ಇಬ್ಬರೂ ಚಿಕಿತ್ಸೆಗೆ ಬರಬೇಕು ಅಂತ ಬರ್ದಿದ್ದಾರೆ. ನೀವು ಬಂದಿಲ್ಲ. ನಮ್ಮ ಕಾರ್ಯಕರ್ತೆ ಎರಡು ಸಲ ನಿಮ್ಮ ಮನೆಗೆ ಬಂದಿದ್ದಾಳೆ." ನರ್ಸು ಸಾಲಿನ ಕೊನೆಯನ್ನು ಓದಿದಳು. "ಗರ್ಭಿಣಿ ತವರಿಗೆ ಹೋಗಿದ್ದಾರೆ ಎಂದು ನಾದಿನಿ ತಿಳಿಸಿದರು."

ಸೂಜಿ ಆಗ ಕೂತಳು.

"ತವರಿಗೆ" ಎಂದಳು. ಆಮೇಲೆ, "ಒಳಗಿರೋದಕ್ಕೆ ಏನಾಗುತ್ತೆ?" ಎಂದಳು.

ನರ್ಸು ಸುತ್ತಿಬಳಸದೆ ಹೇಳಿದಳು. ಚಿಕಿತ್ಸೆ ಇಲ್ಲದಿದ್ದರೆ ಮಗು ಹೊಟ್ಟೆಯಲ್ಲೇ ಹೋಗಬಹುದು, ಹುಟ್ಟಿ ಹೋಗಬಹುದು, ಉಳಿದರೂ ಕಣ್ಣು, ಕಿವಿ, ಮೂಳೆ ಕೆಡಬಹುದು. ತಾಯಿಗೆ ಸಮಯಕ್ಕೆ ಇಂಜೆಕ್ಷನ್ ಬಿದ್ದರೆ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಬೆರಳು ಮಡಿಸಿ ವಾರ ಲೆಕ್ಕ ಹಾಕಿದಳು. "ಇಪ್ಪತ್ತೊಂಬತ್ತು ವಾರ. ಹೆರಿಗೆಗೆ ಒಂದು ತಿಂಗಳಾದ್ರೂ ಮುಂಚೆ ಚಿಕಿತ್ಸೆ ಆಗಿರ್ಬೇಕು. ಯಾವಾಗಿಂದ ಇದೆ ಗೊತ್ತಿಲ್ಲ, ಅದಕ್ಕೆ ವಾರಕ್ಕೊಂದು, ಮೂರು ವಾರ. ಒಂದೂ ತಪ್ಪೋ ಹಾಗಿಲ್ಲ. ಸಮಯ ಇನ್ನೂ ಇದೆ."

"ನಾಲ್ಕು ತಿಂಗಳ ಹಿಂದೆ ಇನ್ನೂ ಜಾಸ್ತಿ ಇತ್ತು."

"ಇತ್ತು."

ಡಾಕ್ಟರಮ್ಮ ಬಂದು ನೋಡಿದರು. ಹೊಸದಾಗಿ ರಕ್ತ ತೆಗೆದರು. ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ಕೇಳಿಸಿದರು; ಕೆಳಗಡೆ ಯಂತ್ರ ಪೂರ್ತಿ ವೇಗಕ್ಕೆ ಬಿದ್ದ ಹಾಗಿತ್ತು ಎಂದು ಅವಳು ಆಮೇಲೆ ಹೇಳಿದಳು. ಇಂಜೆಕ್ಷನ್ನಿನ ಮದ್ದು ದಪ್ಪ, ಬೈಂಡಿಂಗ್ ಅಂಟಿನ ಹಾಗೆ. ನಿಧಾನಕ್ಕೆ ಇಳಿಯಿತು. ಅರ್ಧ ಗಂಟೆ ಕೂರಿಸಿ ಮೈಗೆ ಒಗ್ಗಿತೆಂದು ನೋಡಿಕೊಂಡು ಕಳಿಸಿದರು.

ಕುಂಟುತ್ತಾ ನೇರ ಪ್ರೆಸ್ಸಿಗೆ ಬಂದಳು. ಊಟದ ಹೊತ್ತು. ಎಡಚಿ ಡಬ್ಬಿ ತೆರೆದು ಕೂತಿದ್ದಳು. ಅರ್ಧ ಊಟ ಆಗಲೇ ಇವಳಿಗೆಂದು ಬೇರೆ ತೆಗೆದಿಟ್ಟಿದ್ದಳು.

"ಹಾಳೆ ಕೊಡು" ಎಂದಳು ಸೂಜಿ.

"ಯಾವ ಹಾಳೆ? ಮೊದ್ಲು ಊಟ ಮಾಡು."

"ನೀನು ಬಿಚ್ಚಿದ ಹಾಳೆ. ನೀನು ಹಾಳೆ ಎಸೆಯೋಳಲ್ಲ ಅಕ್ಕ. ನನಗೆ ಕಲಿಸಿದೋಳೇ ನೀನು."

ಕಲಿಸಿದ್ದು ನಿಜ. ಹಾಳಾದ ಹಾಳೆಯನ್ನೂ ಎಸೆಯಬಾರದು, ಹರಿಯಬಾರದು; ನಾಳೆ ಯಾರಾದರೂ ಎಲ್ಲಿ ತಪ್ಪಾಯಿತೆಂದು ಕೇಳಿದರೆ ತೋರಿಸಲು ಬೇಕು ಎಂಬುದು ಆ ಕೋಣೆಯ ಕಟ್ಟಳೆ. ಪ್ರತಿಯೊಬ್ಬಳ ಬೆಂಚಿನ ಕೆಳಗೂ ಅದಕ್ಕೊಂದು ರಟ್ಟಿನ ಪೆಟ್ಟಿಗೆ. ಇಪ್ಪತ್ತು ವರ್ಷದಲ್ಲಿ ಎಡಚಿ ಒಂದು ಹಾಳೆ ಹರಿದು ಬಿಸಾಡಿದವಳಲ್ಲ. ಆ ಹಾಳೆಯನ್ನು ಒಲೆಗೆ ಹಾಕಿದ್ದರೆ ಮುಗಿದೇ ಹೋಗಿತ್ತು. ಅವಳ ಕೈಗೆ ಅದು ಬರಲಿಲ್ಲ.

ಎಡಚಿ ಡಬ್ಬಿ ಪಕ್ಕಕ್ಕೆ ಸರಿಸಿದಳು. ಆಮೇಲೆ ಬಗ್ಗಿ ಪೆಟ್ಟಿಗೆ ಎಳೆದು, ತಳಕ್ಕೆ ಹಾಸಿದ್ದ ಕಾಗದ ಎತ್ತಿ, ಮಡಿಕೆ ಕೆಡದ ಹಾಳೆಯನ್ನು ಮೇಜಿನ ಮೇಲಿಟ್ಟಳು. ಹೊಡೆದುಹಾಕಿದ ಒಂಬತ್ತು ಅಲ್ಲಿತ್ತು. ಪಕ್ಕದಲ್ಲಿ ಎಂಟು. ರಕ್ತದ ಪುಟದಲ್ಲಿ ಕೆಂಪು ಶಾಯಿ.

"ಓದಿದ್ಯಾ?"

"ಓದಿದೆ."

"ಏನಂತ ಇದೆ? ಬಾಯಲ್ಲಿ ಹೇಳು."

ಎಡಚಿ ತಗ್ಗಿದ ದನಿಯಲ್ಲಿ ಓದಿದಳು. "ಸಿಫಿಲಿಸ್ ಇದೆ. ತಾಯಿಗೆ ತಡಮಾಡದೆ ಚಿಕಿತ್ಸೆ. ಮಗುವಿಗೆ ಅಪಾಯ."

ಒಂಬತ್ತು ಜನ ಹೆಂಗಸರು ಅಗಿಯುವುದನ್ನು ನಿಲ್ಲಿಸಿದ್ದರು.

"ಕಾಲು ಹಿಡ್ಕೊಂಡ ಕಣೇ" ಎಂದಳು ಎಡಚಿ. "ನಾನು ಎತ್ತಿ ಬೆಳೆಸಿದ ಹುಡುಗ. ಎಲ್ಲೋ ಒಂದ್ಸಲ ತಪ್ಪಾಯ್ತು ಅಕ್ಕ, ನಾನು ಇನ್ನೊಂದು ಆಸ್ಪತ್ರೇಲಿ ಇಂಜೆಕ್ಷನ್ ತಗೊಂಡೆ, ವಾಸಿಯಾಯ್ತು, ಅವಳಿಗೆ ಗೊತ್ತಾದ್ರೆ ಬಿಟ್ಟು ಹೋಗ್ತಾಳೆ ಅಂದ. ಕೆಳಗಿಂದ ಹೊಸ ಹಾಳೆ ಅವನೇ ತಂದ, ಅವನೇ ಬರೆದ. ನಾನು ಬರೀ ಹೊಲ್ದೆ."

"ಬರೀ ಹೊಲ್ದೆ."

"ಅವನಿಗೆ ವಾಸಿಯಾದ್ರೆ ನಿನಗೂ ಆಗುತ್ತೆ ಅಂದ್ಕೊಂಡೆ."

"ಸುಳ್ಳು ಹೇಳ್ಬೇಡ. ಮಗುವಿಗೆ ಅಪಾಯ ಅಂತ ಈಗ ತಾನೇ ಓದಿದ್ದು ನೀನೇ. ಅದನ್ನ ಓದಿ, ದಾರ ಕತ್ತರಿಸಿ, ಇನ್ನೊಂದು ಹಾಳೆ ಇಟ್ಟು ಗಂಟು ಹಾಕಿದೆ. ಆಮೇಲೆ ನಾಲ್ಕು ತಿಂಗಳು ನನಗೆ ಊಟ ಬಡಿಸ್ದೆ." ಸೂಜಿಯ ದನಿ ಏರಲಿಲ್ಲ. "ಅವನು ಹಾಗೆ ಮಾಡಿದ್ದಕ್ಕೆ ನನಗೆ ಆಶ್ಚರ್ಯ ಇಲ್ಲ ಅಕ್ಕ. ಗಂಡಸು, ಹೆದ್ರಿಕೊಂಡ, ಬಚ್ಚಿಟ್ಟ. ಮನೆ ಬಾಗಿಲಿಗೆ ಬಂದೋಳಿಗೆ ನಾನು ತವರಿಗೆ ಹೋಗಿದ್ದೀನಿ ಅಂದ್ಯಲ್ಲ, ಅದು ನೀನು. ನನಗೆ ತವರು ಎಲ್ಲಿದೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?"

ಸೂಜಿ ಹಾಳೆ ಎತ್ತಿಕೊಂಡಳು. ತೆಗೆದಿಟ್ಟ ಊಟವನ್ನು ಎಡಚಿಯ ಡಬ್ಬಿಗೆ ವಾಪಸು ಸುರಿದು, ತನ್ನ ಸೂಜಿ, ದಾರ, ಮಡಿಸುವ ಪಟ್ಟಿ ತೆಗೆದುಕೊಂಡು ಕೋಣೆಯ ಇನ್ನೊಂದು ತುದಿಗೆ, ಅಂಟಿನ ಡಬ್ಬಗಳ ಪಕ್ಕ ಹೋಗಿ ಕೂತಳು. ಮಧ್ಯಾಹ್ನದ ಪೂರಾ ಕೆಲಸ ಮಾಡಿದಳು.

ಗಂಡ ಒಂದು ವಾರದ ಮೇಲೆ ಊರಿಗೆ ಬಂದಾಗ ಮನೆಯಲ್ಲಿ ಅವಳಿರಲಿಲ್ಲ. ಬೈಂಡಿಂಗ್ ಕೋಣೆಯ ಗೆಳತಿಯೊಬ್ಬಳ ಮನೆಯ ಹಿಂದಿನ ಕೋಣೆ ಹಿಡಿದಿದ್ದಳು. ಅವನು ಅಲ್ಲಿಗೆ ಹೋಗಲು ಧೈರ್ಯ ಸಾಲದೆ ಸಂಘದ ಕಚೇರಿಗೆ, ನನ್ನ ಹತ್ತಿರ ಬಂದ. ಹದಿನೈದು ವರ್ಷ ನನ್ನ ಜೊತೆ ಬಾವುಟ ಹಿಡಿದವನು. ಯಾವುದೋ ಊರಿಗೆ ಯಂತ್ರ ಕೂರಿಸಲು ಹೋದಾಗ, ಜೊತೆಯವರು, ಕುಡಿತ, ಒಂದು ಮನೆ ಎಂದ. ಹುಣ್ಣಾಗಿ ನೋವಿಲ್ಲದೆ ತಾನಾಗಿ ಮಾಯಿತು, ಮರೆತೆ ಎಂದ. "ನೀವು ಹಿರಿಯರು. ಅವಳಿಗೆ ಒಂದು ಮಾತು ಹೇಳಿ. ಹೊರಗೆ ಗೊತ್ತಾದ್ರೆ ಸಂಘಕ್ಕೂ ಕೆಟ್ಟ ಹೆಸರು."

ಸಂಘದ ಹೆಸರು ಹೇಳಿದ ಕೂಡಲೇ ನಾನು ಎದ್ದು ಚಪ್ಪಲಿ ಹಾಕಿಕೊಂಡೆ ಎಂದು ಒಪ್ಪಿಕೊಳ್ಳಬೇಕು. ಅವಳ ಕೋಣೆಗೆ ಹೋದೆ. ಅವಳು ಮಂಚದ ತುದಿಯಲ್ಲಿ ಒಂದು ಮಗ್ಗುಲಿಗೆ ಕೂತಿದ್ದಳು. ಎರಡನೇ ಇಂಜೆಕ್ಷನ್ ಆ ದಿನ ಆಗಿತ್ತು. ಆಸ್ಪತ್ರೆಯ ಕಾರ್ಡು ತೊಡೆಯ ಮೇಲಿತ್ತು. ಸುಳ್ಳು ಹಾಳೆ ಕಿತ್ತು, ನಿಜದ ಹಾಳೆಯನ್ನು ಒಳಗಿಟ್ಟು ಹೊಲಿಯುತ್ತಿದ್ದಳು.

ನಾನು ಬಾಯಿ ತೆರೆಯುವ ಮೊದಲೇ, "ರಾಜಿಗೆ ಬಂದ್ರಾ?" ಎಂದಳು.

"ಅವನು ತಪ್ಪಾಯ್ತು ಅಂತಾನೆ."

"ತಪ್ಪು ಒಂದು ದಿನದ್ದು. ಹಾಳೆ ನಾಲ್ಕು ತಿಂಗಳದ್ದು." ಹಲ್ಲಿನಲ್ಲಿ ದಾರ ಕಡಿದಳು. "ಕೆಳಗೆ ಯಂತ್ರದ ಕೋಣೇಲಿ ಏನಂತಿದ್ದಾರೆ ಗೊತ್ತಾ? ಅವಳೇ ತಂದಿರ್ಬೇಕು ಅಂತ. ನಿಮ್ಮ ಸದಸ್ಯರೇ ಅನ್ನೋದು. ಅವರಿಗೆ ಒಂದು ಮಾತು ಹೇಳೋಕೆ ನೀವು ಚಪ್ಪಲಿ ಹಾಕ್ಕೊಂಡ್ರಾ?"

ನಾನು ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಕಡೆ ನೋಡಿದೆ.

"ಆ ದಿನ ನನಗೆ ಅರ್ಧ ದಿನ ರಜೆ ಸಿಕ್ಕಿದ್ರೆ ಕಾರ್ಡು ನನ್ನ ಕೈಗೆ ಬರ್ತಿತ್ತು. ಕೆಂಪಕ್ಷರ ನಾನೇ ಓದ್ತಿದ್ದೆ. ಒಂಬತ್ತನೇ ಬೇಡಿಕೆ ಬಿಟ್ಟುಕೊಟ್ರಲ್ಲ, ಆ ಕಾಗದದಲ್ಲಿ ಅವನ ಸಹಿ ಪಕ್ಕದಲ್ಲಿ ಯಾರದಿದೆ?"

ನಾನು ಎಷ್ಟೋ ಯಜಮಾನರ ಎದುರು, ಎಷ್ಟೋ ಇನ್ಸ್‌ಪೆಕ್ಟರುಗಳ ಎದುರು ಮಾತಾಡಿದವನು. ಆ ಕೋಣೆಯಲ್ಲಿ, "ನನ್ನದು" ಎಂದಷ್ಟೇ ಹೇಳಿದೆ. ಎದ್ದು ಬಂದೆ. ಮಾರನೆಯ ದಿನ ಯಂತ್ರದ ಕೋಣೆಗೆ ಹೋಗಿ ಹೇಳಬೇಕಾದವರಿಗೆ ಹೇಳಿದೆ. ಅದು ಏನೂ ದೊಡ್ಡದಲ್ಲ. ಒಂದು ತಿಂಗಳಲ್ಲಿ ಗಂಡ ಬೇರೆ ಪ್ರೆಸ್ಸು ಸೇರಿದ.

ಮೂರನೇ ಇಂಜೆಕ್ಷನ್ ಮೂವತ್ತೊಂದನೇ ವಾರಕ್ಕೆ ಮುಗಿಯಿತು. ಅಲ್ಲಿಂದ ಹೆರಿಗೆಯ ತನಕ ಕಾಯುವುದೊಂದೇ. ಮಗು ಒದ್ದರೆ ಕೆಲಸ ನಿಲ್ಲಿಸುತ್ತಿದ್ದಳು, ಒದೆಯದಿದ್ದರೂ ನಿಲ್ಲಿಸುತ್ತಿದ್ದಳು. ಮಾತು ಕಡಿಮೆಯಾಯಿತು. ಸೂಜಿ ಮೊಂಡಾಯಿತು ಎಂದು ಮೇಸ್ತ್ರಿ ನಕ್ಕಾಗ ಯಾರೂ ನಗಲಿಲ್ಲ. ಎಡಚಿ ಅವಳ ಕಡೆ ಬೆನ್ನು ಮಾಡಿ ಕೂರುವುದನ್ನು ಅಭ್ಯಾಸ ಮಾಡಿಕೊಂಡಳು. ಕಿಟಕಿಯ ಪಕ್ಕದ ಜಾಗ ಖಾಲಿಯೇ ಉಳಿಯಿತು.

ಇದರ ನಡುವೆ ಒಂದು ದಿನ ಸೂಜಿ ಹೊಸ ಗಂಟೊಂದನ್ನು ಕಲಿಯಲು ಹೊರಟಳು. ಪಕ್ಕದವಳಿಂದ ಹೇಳಿಸಿಕೊಂಡು ಇಪ್ಪತ್ತು ಕಾರ್ಡು ಹೊಲಿದಳು. ಮೇಸ್ತ್ರಿ ಎಳೆದು ನೋಡಿದ, ಇಪ್ಪತ್ತೂ ಬಿಚ್ಚಿಬಂದವು. ಆರು ವರ್ಷದ ಕೈ ಬೇರೆ ಗಂಟಿಗೆ ಬಗ್ಗಲಿಲ್ಲ. ಮತ್ತೆ ಹಳೆಯದನ್ನೇ ಹಾಕತೊಡಗಿದಳು.

ಮೂವತ್ತೆಂಟನೇ ವಾರ ಹೆರಿಗೆಯಾಯಿತು. ಹೆಣ್ಣು, ಎರಡೂ ಮುಕ್ಕಾಲು ಕಿಲೋ. ಅತ್ತಿತು, ಚೀಪಿತು. ಅದರ ರಕ್ತವನ್ನೂ ತೆಗೆದರು. ಮುನ್ನೆಚ್ಚರಿಕೆಗೆಂದು ಅದಕ್ಕೂ ಒಂದು ಇಂಜೆಕ್ಷನ್ ಕೊಟ್ಟರು. ಎರಡು ದಿನ ಸೂಜಿ ಮಗುವಿನ ಕಣ್ಣು ನೋಡಿದಳು, ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದಳು, ಕಾಲಿನ ಮೂಳೆ ಸವರಿದಳು. ಮೂರನೆಯ ದಿನ ಅದೇ ಹೊಸ ನರ್ಸು ನಗುನಗುತ್ತಾ ಬಂದು, "ಮಗುವಿಗೆ ಸೋಂಕಿನ ಗುರುತಿಲ್ಲ. ಆದ್ರೂ ಆರೆಂಟು ತಿಂಗಳು ಆಗಾಗ ರಕ್ತ ನೋಡ್ಬೇಕು, ತಪ್ಪಿಸ್ಬೇಡಿ" ಎಂದಳು.

"ತೋರ್ಸಿ."

"ಏನು?"

"ರಿಜಿಸ್ಟರ್ ತನ್ನಿ. ನಾನು ಓದ್ಬೇಕು."

ನರ್ಸಿಗೆ ಬೇಸರವಾಗಲಿಲ್ಲ. ರಿಜಿಸ್ಟರ್ ತಂದಳು. ಸೂಜಿ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ಮಗುವಿಗೆಂದು ಕೊಟ್ಟ ಹೊಸ ಕಾರ್ಡನ್ನು ತೆರೆದಳು. ಅದೂ ಅದೇ ಪ್ರೆಸ್ಸಿನದು, ಯಾರೋ ಗೆಳತಿಯ ಗಂಟು. ತಲೆದಿಂಬಿನ ಕೆಳಗಿನಿಂದ ಸೂಜಿ ದಾರ ತೆಗೆದು, ಆ ಗಂಟು ಕತ್ತರಿಸಿ, ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ಜೋಡಿಸಿ ಹೊಲಿಯತೊಡಗಿದಳು. ಅವಳು ಈಗ ಯಾವ ಕಾರ್ಡು ಬಂದರೂ ಹೀಗೇ ಮಾಡುವುದು.

ಅವಳು ಹೊಲಿಯುತ್ತಿರುವಾಗ ಎಡಚಿ ವಾರ್ಡಿನ ಬಾಗಿಲಿಗೆ ಬಂದು ನಿಂತಳು. ಕೆಲಸದ ದಿನ. ಇಪ್ಪತ್ತು ವರ್ಷದಲ್ಲಿ ರಜೆ ಕೇಳದವಳು ಹೇಳದೆ ಕೇಳದೆ ಎದ್ದು ಬಂದಿದ್ದಳು. ನಾನು ಮಂಚದ ಪಕ್ಕದ ಸ್ಟೂಲಿನ ಮೇಲಿದ್ದೆ. ಮುಂದಿನ ಮಾತುಕತೆಗೆ ಮೇಜಿನ ಈಚೆ ಬಂದು ಕೂರಲು ಒಪ್ಪುತ್ತೀಯಾ ಎಂದು ಕೇಳಲು ಹೋಗಿದ್ದೆ. ಒಂಬತ್ತನೆಯ ಬೇಡಿಕೆಯನ್ನು ನಾವು ಮೊದಲನೆಯದು ಮಾಡಿದ್ದೆವು. ಅದಕ್ಕೆ ಇಂದಿಗೂ ಒಪ್ಪಿಗೆ ಸಿಕ್ಕಿಲ್ಲ, ಅದು ಬೇರೆ ಮಾತು.

"ಮಗು ಹೇಗಿದೆ?" ಎಂದಳು ಎಡಚಿ, ಹೊಸ್ತಿಲ ಆಚೆಯಿಂದಲೇ.

"ಬದುಕಿದೆ."

"ಒಂದ್ಸಲ ಎತ್ಕೊಳ್ಳಾ?"

ಸೂಜಿ ದಾರ ಎಳೆದು ಗಂಟು ಬಿಗಿದಳು. ಬಲಕ್ಕೆ ಮಲಗಿದ, ಎ‌ಡಚಿ ಕಲಿಸಿದ ಅದೇ ಗಂಟು. ಇಬ್ಬರೂ ಅದನ್ನು ನೋಡಿದರು.

"ಎತ್ಕೋ" ಎಂದಳು ಸೂಜಿ, ಕಾರ್ಡನ್ನು ತನ್ನ ತೊಡೆಯ ಕೆಳಕ್ಕೆ ತಳ್ಳಿಕೊಳ್ಳುತ್ತಾ. "ನಾನು ನೋಡ್ತಿರ್ತೀನಿ."

ಎಡಚಿ ಮಗುವನ್ನು ಎಡಗೈಗೆ ತೆಗೆದುಕೊಂಡಳು. ಸೂಜಿ ಕಣ್ಣು ಮಿಟುಕಿಸದೆ ಆ ಕೈಯನ್ನೇ ನೋಡುತ್ತಾ ಕೂತಳು. ಎರಡು ನಿಮಿಷವಾಗಿರಬೇಕು.

"ಸಾಕು, ಕೊಡು" ಎಂದಳು.